ಒಬ್ಬ ಅಡುಗೆಯವನಿಗೆ ಎಷ್ಟು ಚಾಕು ಬೇಕು

೧೯೮೩ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ತರಗತಿ ಮುಗಿದಿತ್ತು, ಎಂಟಕ್ಕೆ ಹೆಸರು ಹಚ್ಚಬೇಕಿತ್ತು. ಬೇಸಿಗೆ ರಜೆಯಲ್ಲಿ ಕಾಕಾ ಸಿಂದಗಿಯ ಒಂದು ಮದುವೆಯ ಅಡುಗೆಗೆ ನನ್ನನ್ನು ಕರೆದುಕೊಂಡು ಹೋದರು. ರಜೆ ಮುಗಿದರೂ ನಾನು ತಿರುಗಿ ಬರಲಿಲ್ಲ. ಯಾರೂ ಶಾಲೆ ಬಿಡಿಸಲಿಲ್ಲ, ಹೋಗು ಎಂದು ಯಾರೂ ಹೇಳಲೂ ಇಲ್ಲ. ಅಷ್ಟರಲ್ಲಿ ಇನ್ನೊಂದು ಮದುವೆ ಬಂತು, ಅದರ ಬೆನ್ನಿಗೆ ಒಂದು ಮುಂಜಿ ಬಂತು. ಹೀಗೇ ನಲವತ್ತು ವರ್ಷ ದಾಟಿದವು.

ಕಾಕಾ ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟದ ಮನೆಗಳ ಅಡುಗೆಯವರು. ಇಂಡಿಯಿಂದ ಹಿಡಿದು ಮುದ್ದೇಬಿಹಾಳದ ತನಕ ಅವರ ಕೈಯ ಹೋಳಿಗೆ ಉಣ್ಣದ ಮನೆತನ ಕಡಿಮೆ. ಸಿಂದಗಿಯ ಆ ಮದುವೆಯಲ್ಲಿ ನನ್ನನ್ನು ಬದನೆಕಾಯಿ ಹೆಚ್ಚಲು ಕೂಡಿಸಿದರು. ನನ್ನ ಹತ್ತಿರ ಚಾಕು ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಮುದುಕರನ್ನು, "ಅಜ್ಜಾ, ನಿಮ್ಮ ಚಾಕು ಒಂದೀಟು ಕೊಡ್ರಿ" ಎಂದು ಕೇಳಿದೆ. ಕಾಕಾ ಒಲೆಯ ಮುಂದಿನಿಂದಲೇ ಒದರಿದರು:

"ಏ, ಬೇಡಿ ತಂದ ಚಾಕುಲೆ ಹೆಚ್ಚಿದಾಂವ ಜನ್ಮಪೂರ್ತಿ ಮಂದೀ ಕೈ ನೋಡ್ಕೋತ ಕೂಡ್ತಾನ. ಎದ್ದೇಳು. ಚಾಕು ಇಲ್ಲಂದ್ರ ನೀರು ಹೊರು."

ಆ ದಿನವೆಲ್ಲ ನೀರು ಹೊತ್ತೆ. ಮುಂದಿನ ಸಂತೆಯಲ್ಲಿ ಕಾಕಾ ನನಗೊಂದು ಚಾಕು ಕೊಡಿಸಿದರು. ಅದು ಈಗ ಇಲ್ಲ. ಮಸೆದು ಮಸೆದು ಕಿರುಬೆರಳಿನಷ್ಟಾಗಿ, ಒಂದು ದಿನ ಸುವರ್ಣಗಡ್ಡೆಯಲ್ಲಿ ಮುರಿಯಿತು. ಆದರೆ ಅಂದಿನಿಂದ ಇಂದಿನವರೆಗೆ ನಾನು ಯಾರ ಹತ್ತಿರವೂ ಚಾಕು ಕೇಳಿಲ್ಲ. ಓದಿದವರು ತಮ್ಮ ಪದವಿಯನ್ನು ಹೇಳಿಕೊಳ್ಳುತ್ತಾರೆ. ನಾನು ಹೇಳಿಕೊಳ್ಳುವುದಿದ್ದರೆ ಇದನ್ನೇ.

ಇಷ್ಟೆಲ್ಲ ಬರೆಯಲು ಕಾರಣವಿದೆ. ಕಳೆದ ನವರಾತ್ರಿಯಿಂದ ನಮ್ಮ ಮನೆಯಲ್ಲಿ ಒಂದೇ ಮಾತು: ಇಷ್ಟು ಚಾಕು ಯಾಕೆ, ಎಷ್ಟು ಇಟ್ಟುಕೊಂಡರೆ ಸಾಕು? ಕೇಳಿದವರಿಗೆ ನಗು ಬರುತ್ತದೆ. ನನಗೆ ಬರುವುದಿಲ್ಲ. ಎರಡು ವರ್ಷದಿಂದ ನನ್ನ ಬಲಗೈಯ ಮೂರು ಬೆರಳು ಜೋಮು ಹಿಡಿಯುತ್ತವೆ. ತಮ್ಮ ನನ್ನ ಜೊತೆಗೇ ಕೆಲಸ ಕಲಿತವನು, ಈಗ ಮುದ್ದೇಬಿಹಾಳದಲ್ಲಿದ್ದಾನೆ. ದೊಡ್ಡ ಮದುವೆಗಳನ್ನು ಇನ್ನು ತನಗೆ ಬಿಟ್ಟುಕೊಡು, ಜೊತೆಗೆ ದೊಡ್ಡ ಚಾಕುಗಳನ್ನೂ ಕೊಡು ಎನ್ನುತ್ತಿದ್ದ. ಕೊಟ್ಟರೆ ಮದುವೆಯ ಅಡುಗೆಮನೆಯಲ್ಲಿ ನಾನು ನಿಲ್ಲುವ ಜಾಗ ಹೋಯಿತು. ಕೊಡದಿದ್ದರೆ ಈ ಕೈಯಿಂದಲೇ ಅವನ್ನು ನಡೆಸಿ ತೋರಿಸಬೇಕು.

ನಮ್ಮ ಕಸುಬಿನಲ್ಲಿ ಚಾಕುಗಳ ಸಂಖ್ಯೆ ಬೆಳೆಯಲು ಆಸೆಯೇ ಬೇಕೆಂದಿಲ್ಲ, ಮಡಿಯೊಂದೇ ಸಾಕು. ನೈವೇದ್ಯದ ಅಡುಗೆಯ ಚಾಕು ಉಳ್ಳಾಗಡ್ಡಿಗೆ ತಾಗಕೂಡದು. ಒಮ್ಮೆ ತಾಗಿತೆಂದರೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೂ, ಕೆಂಡಕ್ಕೆ ಹಿಡಿದರೂ ಅದು ಮತ್ತೆ ಈ ಕಡೆಗೆ ಬರುವುದಿಲ್ಲ. ಹೂವಿನ ಹಿಪ್ಪರಗಿಯ ಒಂದು ಮದುವೆಯಲ್ಲಿ ಬೀಗರ ಕಡೆಯವರೊಬ್ಬರು ಚುರುಮುರಿಗೆ ಬೇಕೆಂದು ನನ್ನ ಸಾಲಿನಿಂದ ಒಂದು ಚಾಕು ಎತ್ತಿಕೊಂಡು ಹೋದರು. ಹೊರಗೆ ಕುಳಿತು ಉಳ್ಳಾಗಡ್ಡಿ ಹೆಚ್ಚಿ, ಚಾಕು ತೊಳೆದು, ಒರೆಸಿ, ಇದ್ದಲ್ಲಿಯೇ ತಂದಿಟ್ಟರು. ಹಾಗೇ ಬಿಟ್ಟಿದ್ದರೆ ವಾಸನೆಯಿಂದ ಗುರುತು ಸಿಗುತ್ತಿತ್ತು. ತೊಳೆದಿಟ್ಟದ್ದರಿಂದ ಯಾವುದೆಂದು ತಿಳಿಯದೆ ಸಾಲಿನಲ್ಲಿದ್ದ ನಾಲ್ಕನ್ನೂ ಆಚೆ ಇಡಬೇಕಾಯಿತು. ಅವರು ಬೇರೆ ಹಲ್ಲು ಕಿರಿದು, "ಆಚಾರ್ರ, ಹೊಲಸು ಇಡಬಾರ್ದಂತ ಸ್ವಚ್ಛ ತೊಳದೇನಿ ನೋಡ್ರಿ" ಎಂದರು. ಬೀಗರಿಗೆ ಏನು ಹೇಳುವುದು? "ಭಾಳ ಛಲೋ ಆತ್ರಿ" ಎಂದೆ. ಮರುವಾರ ಹೊಸವು ನಾಲ್ಕು ತಂದೆ. ಹಳೆಯವನ್ನು ಎಸೆಯಲು ಮನಸ್ಸು ಬರಲಿಲ್ಲ. ಉಳ್ಳಾಗಡ್ಡಿ ತಿನ್ನುವವರ ಅಡುಗೆಗೆ ಬಂದಾವು ಎಂದು ಬೇರೆ ಡಬ್ಬಿಯಲ್ಲಿಟ್ಟೆ. ಇಂಥವು ಮೂರು ವರ್ಷಕ್ಕೊಮ್ಮೆಯಾದರೂ ನಡೆಯುತ್ತಿದ್ದವು.

ಆಮೇಲೆ ನಿಂಬೆಹಣ್ಣು. ನಿಂಬೆಹಣ್ಣಿಗೇ ಹೆಸರಾದ ಇಂಡಿಯಲ್ಲಿ ಮನೆ ಮಾಡಿದ ಮೇಲೆ ಉಪ್ಪಿನಕಾಯಿಯ ಕೆಲಸವೂ ಬಂತು. ಚೀಲಗಟ್ಟಲೆ ನಿಂಬೆಹಣ್ಣು ಹೆಚ್ಚಬೇಕು. ಕಬ್ಬಿಣದ ಚಾಕುವಿನಿಂದ ಹೆಚ್ಚಿದರೆ ಹುಳಿಗೆ ಅಲಗು ಕಪ್ಪಾಗುತ್ತದೆ, ಹೋಳೂ ಕಪ್ಪಾಗುತ್ತವೆ. ಅದಕ್ಕೆಂದು ಸ್ಟೀಲಿನವು ಬಂದವು. ಕುಂಬಳಕಾಯಿಗೆ ಉದ್ದನೆಯವು. ಇಡೀ ಕುಂಬಳಕಾಯಿಯನ್ನು ಹೆಂಗಸರು ಮೊದಲು ಒಡೆಯುವಂತಿಲ್ಲ, ಗಂಡಸೇ ಮೊದಲ ಏಟು ಹಾಕಬೇಕು. ನಮ್ಮ ಮನೆಗಳ ಮದುವೆಯಲ್ಲಿ ಆ ಏಟು ಅಡುಗೆಯ ಹಿರಿಯನದು. ಮುದ್ದೇಬಿಹಾಳದಲ್ಲಿ ಒಬ್ಬರು ಕಂಬಾರರಿದ್ದರು, ಲಾರಿಯ ಹಳೆಯ ಪಾಟಾ, ಅಂದರೆ ಗಾಲಿಯ ಮೇಲಿನ ಸ್ಪ್ರಿಂಗಿನ ಪಟ್ಟಿ, ಬಡಿದು ಚಾಕು ಮಾಡಿಕೊಡುತ್ತಿದ್ದರು. "ಯಜಮಾನ್ರ, ಇದು ಹತ್ತು ಟನ್ ಹೊತ್ತ ಕಬ್ಬಿಣ ಐತಿ. ನಿಮ್ಮ ಕುಂಬಳಕಾಯಿ ಇದಕ್ಕ ಯಾವ ಲೆಕ್ಕರಿ?" ಎನ್ನುತ್ತಿದ್ದರು. ಆ ಮಾತು ಕೇಳಲೆಂದೇ ಒಂದೆರಡು ಹೆಚ್ಚು ಮಾಡಿಸಿದ್ದೇನೆ.

ಸುಳ್ಳೇಕೆ ಹೇಳಲಿ, ಸುಮ್ಮನೆ ಕಂಡು ತಂದವೂ ಇವೆ. ಬಾಗೇವಾಡಿಯ ಸಂತೆಯಲ್ಲಿ ಬಿಸಿಲು ಬಿದ್ದು ಅಲಗು ಹೊಳೆದರೆ ನನ್ನ ಕಾಲು ಅಲ್ಲಿಯೇ ನಿಲ್ಲುತ್ತಿತ್ತು. ಸೆರೆ ಕುಡಿಯಲಿಲ್ಲ, ಇಸ್ಪೀಟು ಆಡಲಿಲ್ಲ. ಒಂದು ಚಾಕು ತಂದರೆ ಯಾರ ಗಂಟು ಹೋಯಿತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎಲ್ಲ ಸೇರಿ ಎಷ್ಟಿದ್ದವೋ ಎಣಿಸಿರಲಿಲ್ಲ. ಒಂದು ಕಬ್ಬಿಣದ ಪೆಟ್ಟಿಗೆ ತುಂಬಿ, ಎರಡು ಡಬ್ಬಿ ತುಂಬಿ, ಉಳಿದವು ಅಡುಗೆಮನೆಯ ಗೋಡೆಯ ಮಾಡದಲ್ಲಿದ್ದವು.

ಚುನಾವಣೆಯ ಕಾಲದಲ್ಲಿ ಒಮ್ಮೆ ಸಿಂದಗಿಯ ರಸ್ತೆಯಲ್ಲಿ ಪೊಲೀಸರು ಟೆಂಪೋ ನಿಲ್ಲಿಸಿ ಈ ಪೆಟ್ಟಿಗೆ ತೆಗೆಸಿದರು. ಹವಾಲ್ದಾರರು ಒಳಗೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಏನ್ಲೇ ಇದು? ಯಾರಿಗೆ ಹೊಡ್ಯಾಕ ಹೊಂಟಿ?"

"ಬದನಿಕಾಯಿಗ್ರಿ ಸಾಹೇಬ್ರ. ನಾಳೆ ಲಗ್ನ ಅದರಿ."

"ಬದನಿಕಾಯಿಗೆ ಇಷ್ಟು ಬೇಕೇನು?"

ಉತ್ತರ ಹೇಳಲು ಬಾಯಿ ತೆರೆದೆ. ಮಡಿ, ಉಳ್ಳಾಗಡ್ಡಿ, ನಿಂಬೆಹಣ್ಣು ಎಂದು ಅವರಿಗೆ ಎಲ್ಲಿಂದ ಆರಂಭಿಸಲಿ? ಮದುವೆಯ ಮನೆಯವರಿಗೆ ಫೋನು ಹಚ್ಚಿ ಮಾತಾಡಿಸಿದ ಮೇಲೆ ಬಿಟ್ಟರು. ಟೆಂಪೋದಲ್ಲಿ ದಾರಿಯುದ್ದಕ್ಕೂ ತಮ್ಮ ನಕ್ಕ. "ಅಣ್ಣಾ, ಹವಾಲ್ದಾರ್ ಕೇಳಿದ್ದು ಸುಳ್ಳೇನಲ್ಲ ಬಿಡು" ಎಂದ. ಆಗ ನನ್ನ ಕೈ ನೆಟ್ಟಗಿತ್ತು, ಆ ಮಾತು ತಾಗಲಿಲ್ಲ.

ಕೈ ಕೆಟ್ಟದ್ದು ಒಂದೇ ದಿನದಲ್ಲಲ್ಲ. ಮೊದಲು ಬೆಳಗಿನ ಹೊತ್ತು ಬೆರಳು ಜುಮು ಜುಮು ಎನ್ನುತ್ತಿತ್ತು, ಝಾಡಿಸಿದರೆ ಹೋಗುತ್ತಿತ್ತು. ಆಮೇಲೆ ಚಾಕು ಹಿಡಿದಿದ್ದೇನೋ ಇಲ್ಲವೋ ನೋಡಿಯೇ ತಿಳಿಯಬೇಕಾಯಿತು. ವಿಜಯಪುರದ ಡಾಕ್ಟರರು ಮಣಿಕಟ್ಟು ಒತ್ತಿ ನೋಡಿ, ನರ ಸಿಕ್ಕಿಕೊಂಡಿದೆ, ಬಿಗಿ ಹಿಡಿದು ಮಾಡುವ ಕೆಲಸ ಕಡಿಮೆ ಮಾಡಿ, ಇಲ್ಲದಿದ್ದರೆ ಕೊಯ್ದು ಸರಿಪಡಿಸಬೇಕಾಗುತ್ತದೆ ಎಂದರು. ಜೀವಮಾನವಿಡೀ ಕೊಯ್ದವನಿಗೆ ಕೊಯ್ಯಿಸಿಕೊಳ್ಳುವ ಧೈರ್ಯ ಬರಲಿಲ್ಲ. ಮನೆಗೆ ಬಂದು ಹೆಂಡತಿಗೆ, ವಾಯು ಅಂತೆ, ಎಣ್ಣೆ ತಿಕ್ಕಿದರೆ ಹೋಗುತ್ತದಂತೆ ಎಂದೆ. ಅವಳು ಎಣ್ಣೆ ಕಾಯಿಸಿ ತಿಕ್ಕಿದಳು. ನಂಬಲಿಲ್ಲ ಎಂಬುದು ಅವಳು ತಿಕ್ಕುವ ರೀತಿಯಲ್ಲೇ ಗೊತ್ತಾಯಿತು.

ಮಹಾನವಮಿಯ ದಿನ ನಮ್ಮಲ್ಲಿ ಖಂಡೇ ಪೂಜೆ. ಅವರವರ ಕಸುಬಿನ ಸಾಮಾನನ್ನು ದೇವರ ಮುಂದಿಟ್ಟು ಪೂಜಿಸುತ್ತಾರೆ. ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಮುಡಿಯುವ ತನಕ ಎತ್ತುವಂತಿಲ್ಲ. ಪ್ರತಿ ವರ್ಷ ನಾನು ಎಲ್ಲ ಚಾಕುಗಳನ್ನೂ ಮಸೆದು, ಒರೆಸಿ, ಮಣೆಗಳ ಮೇಲೆ ಸಾಲಾಗಿ ಇಡುತ್ತೇನೆ. ಮಡಿಯವು ಒಂದು ಮಣೆ, ಉಳಿದವು ದೂರದಲ್ಲಿ ಇನ್ನೊಂದು ಮಣೆ. ಹೆಂಡತಿ ಅದಕ್ಕೂ ಮುಂಚೆಯೇ ಕಾಯಿಪಲ್ಯ ಹೆಚ್ಚಿಟ್ಟುಕೊಂಡಿರುತ್ತಾಳೆ. ಈ ಸಲ ಮಸೆಯುವುದು ಅರ್ಧಕ್ಕೇ ನಿಂತಿತು, ಬೆರಳು ಕೇಳಲಿಲ್ಲ. ಅಲಗು ಮೊಂಡಾಗಿದ್ದವನ್ನೂ ಹಾಗೇ ಒರೆಸಿ ಇಟ್ಟೆ. ಮನೆಯ ಈಳಿಗೆಯನ್ನೂ ಬಿಡಲಿಲ್ಲ. ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ ಆರತಿ ಮಾಡಿದ್ದೆ, ಅಷ್ಟರಲ್ಲಿ ತಮ್ಮ, ಅವನ ಹೆಂಡತಿ, ಅವನ ಅತ್ತೆ ಮಾವ ಮುದ್ದೇಬಿಹಾಳದಿಂದ ಕಾರು ಮಾಡಿಕೊಂಡು ಬಂದಿಳಿದರು. ಬರುತ್ತೇವೆ ಎಂದು ಹೇಳಿರಲಿಲ್ಲ, ಹೆಚ್ಚಿಟ್ಟದ್ದು ನಮ್ಮಿಬ್ಬರಿಗೆ ಆಗುವಷ್ಟೇ ಇತ್ತು.

ಹೆಂಡತಿ ಒಳಗೆ ಕರೆದಳು. "ಒಂದ ಚಾಕು ಕೊಡ್ರಿ. ಸವತಿಕಾಯಿ ಕೋಸಂಬರಿ ಮಾಡ್ತೇನಿ, ಹೀರಿಕಾಯಿ ಪಲ್ಯ ಮಾಡ್ತೇನಿ."

"ಪೂಜಿಗೆ ಇಟ್ಟೇನಿ."

"ಎಲ್ಲಾನೂ?"

"ಎಲ್ಲಾನೂ. ನಾಳೆ ಬನ್ನಿ ಆಗೂ ತನಕ ಎತ್ತೂಹಂಗಿಲ್ಲ."

ಅವಳು ಪಡಸಾಲೆಗೆ ಬಂದು ಆ ಎರಡು ಮಣೆ ನೋಡಿದಳು. ಹಿತ್ತಲ ಬಾಗಿಲಿನಿಂದ ನೆರೆಮನೆಯ ವೈನಿಯ ಕಡೆಗೆ ಹೋದಳು. ಅವರದೂ ಪೂಜೆಯಾಗಿತ್ತು. ಗೋಡೆಯ ಆಚೆಯಿಂದ ಅವರ ಮಾತು ನಮ್ಮ ಪಡಸಾಲೆಯ ತನಕ ಕೇಳಿತು.

"ಅಯ್ಯ ನಿನ್ನ! ನಿಮ್ಮ ಮನ್ಯಾಗ ಚಾಕು ಇಲ್ಲಂತ ನಮ್ಮನಿಗೆ ಬಂದ್ಯಾ? ನಾಳೆ ಇಂಡಿ ಊರಾಗ ನಿಂಬಿಹಣ್ಣಿಲ್ಲಂತ ಹೇಳೀಯವಾ!"

ತಮ್ಮನ ಮಾವ ಮೀಸೆಯೊಳಗೇ ನಕ್ಕರು. ನನ್ನ ಹೆಂಡತಿ ತಿರುಗಿ ಬಂದು ಚವಳಿಕಾಯಿಯನ್ನು ಕೈಯಿಂದಲೇ ಮುರಿದು ಪಲ್ಯ ಮಾಡಿದಳು. ಸೌತೆಕಾಯಿ ಹಾಗೇ ಬುಟ್ಟಿಯಲ್ಲಿ ಉಳಿಯಿತು. ಮೂರು ಜಿಲ್ಲೆಗೆ ಕೋಸಂಬರಿ ಬಡಿಸಿದವನ ಮನೆಯಲ್ಲಿ ಹಬ್ಬದ ಎಲೆಗೆ ಕೋಸಂಬರಿ ಇರಲಿಲ್ಲ. ಹೆಂಡತಿ ನನ್ನ ಹತ್ತಿರ ಬೇಡಿದಳು, ನಾನು ಕೊಡಲಿಲ್ಲ; ಅವಳು ಹೊರಗೆ ಹೋಗಿ ಬೇಡಿದಳು.

ಊಟವಾದ ಮೇಲೆ ತಮ್ಮ ಎಲೆಯಡಿಕೆ ಹಾಕಿಕೊಳ್ಳುತ್ತ ಮಣೆಯ ಕಡೆಗೆ ನೋಡಿದ.

"ಅಣ್ಣಾ, ತುಳಸಿ ಲಗ್ನ ಆದಮ್ಯಾಲೆ ಬಾಗೇವಾಡ್ಯಾಗ ಒಂದು ದೊಡ್ಡ ಲಗ್ನ ಹಿಡದೇನಿ. ನಿನ್ನ ಕುಂಬಳಕಾಯಿ ಚಾಕು, ಉದ್ದನ್ನವು, ಎಲ್ಲಾ ನನಗ ಕೊಡು. ನೀ ಮನ್ಯಾಗಿರು."

"ಯಾಕ, ನನಗ ಏನಾಗೇದ?"

"ನಿನಗೇನಾಗೇದ ಅಂತ ನಾ ಹೇಳಬೇಕೇನು? ಮೊಂಡ ಚಾಕುಕ್ಕ ಹೂ ಏರಿಸಿ ಕೂಡಿಸೀದಿ. ಒಂದು ಕಾಲಕ್ಕ ನೀನ ನನಗ ಮೊಂಡ ಚಾಕು ಇಟ್ಟರ ಬೆನ್ನಿಗೆ ಗುದ್ದತಿದ್ದಿ."

"ಲಗ್ನಕ್ಕ ನಾ ಬರ್ತೇನಿ. ಪೆಟ್ಟಿಗಿ ಸಮೇತ ಬರ್ತೇನಿ" ಎಂದೆ. ತಮ್ಮ ತನ್ನ ಹೆಂಡತಿಯ ಕಡೆ ನೋಡಿದ. ಅವನ ಹೆಂಡತಿ ನನ್ನ ಹೆಂಡತಿಯ ಕಡೆ ನೋಡಿದಳು. ನನ್ನ ಹೆಂಡತಿ ಎಲೆಯಡಿಕೆಯ ತಾಟು ಎತ್ತಿಕೊಂಡು ಒಳಗೆ ಹೋದಳು.

ತುಳಸಿ ಲಗ್ನವಾದ ಮೇಲೆ ಬಸವನ ಬಾಗೇವಾಡಿಗೆ ಹೋದೆವು. ಪೆಟ್ಟಿಗೆಯನ್ನು ಟೆಂಪೋಗೆ ಏರಿಸುವಾಗ ಒಂದು ಬದಿ ನಾನೇ ಹಿಡಿದೆ. ನಸುಕಿನಲ್ಲಿ ಸ್ನಾನ ಮಾಡಿ, ಒದ್ದೆಯ ಪಂಚೆ ಉಟ್ಟು ಹೆಚ್ಚಲು ಕುಳಿತೆ. ಚಳಿ ಇತ್ತು. ಬೆಳಗಿನ ಎರಡು ತಾಸು ಚೆನ್ನಾಗಿಯೇ ನಡೆಯಿತು. ಕೊತ್ತಂಬರಿ ಹೆಚ್ಚಿದೆ, ಹಸಿಮೆಣಸಿನಕಾಯಿ ಹೆಚ್ಚಿದೆ, ಬದನೆಕಾಯಿಯನ್ನು ಎಣ್ಣೆಗಾಯಿಗೆ ನಾಲ್ಕು ಸೀಳು ಹಾಕಿ ಕೊಟ್ಟೆ. ಒಲೆಯ ಹತ್ತಿರದಿಂದ ತಮ್ಮ ಆಗಾಗ ನೋಡುತ್ತಿದ್ದ. ನೋಡಲಿ ಎಂದು ನಾನೂ ಬೇಗ ಬೇಗ ಕೈ ನಡೆಸಿದೆ.

ನಡುವೆ ನೀರು ಕುಡಿಯಲು ನಿಂತಾಗ ಸಾಲಿನ ಕಡೆಗೆ ಕಣ್ಣು ಹೋಯಿತು. ಪೆಟ್ಟಿಗೆಯ ಚಾಕುಗಳನ್ನೆಲ್ಲ ಎಂದಿನಂತೆ ಎದುರಿಗೆ ಹರಡಿದ್ದೆ. ಒದ್ದೆಯಾಗಿದ್ದವು ಸಣ್ಣವು ಎರಡು ಮಾತ್ರ. ಉದ್ದನೆಯವು, ಪಾಟಾದವು, ಬಾಗೇವಾಡಿಯ ಸಂತೆಯಲ್ಲಿ ಹೊಳೆದು ಕಾಲು ನಿಲ್ಲಿಸಿದವು, ಎಲ್ಲ ಒಣಗಿಯೇ ಇದ್ದವು. ಬೇಕೆಂದು ಬಿಟ್ಟದ್ದಲ್ಲ. ಪ್ರತಿ ಸಲ ಕೈ ತಾನಾಗಿಯೇ ಅವನ್ನು ದಾಟಿ ಹಗುರಾದದ್ದನ್ನು ಎತ್ತಿಕೊಂಡಿತ್ತು. ನಾನು ಹಟ ಹಿಡಿದು ಹೊತ್ತು ತಂದಿದ್ದೆ, ಕೈ ಮಾತ್ರ ತನ್ನ ತೀರ್ಮಾನ ಮುಗಿಸಿಬಿಟ್ಟಿತ್ತು.

ಆಗಲೇ ಆ ಮನೆಯ ಹಿರಿಯ ಅವ್ವ ಎರಡು ಕುಂಬಳಕಾಯಿ ತರಿಸಿ ಮುಂದೆ ಇರಿಸಿದರು.

"ಆಚಾರ್ರ, ಮೊದಲ ಏಟು ನೀವು ಹಾಕ್ರಿ. ಹೆಣ್ಮಕ್ಕಳು ಕಾಯ್ಲಿಕ್ಕತ್ತಾರ."

ಹೆಂಗಸರು ಈಳಿಗೆ ಹಿಡಿದು ಕುಳಿತಿದ್ದರು. ನಾನು ಉದ್ದ ಚಾಕು ಎತ್ತಿಕೊಂಡೆ. ಹಿಡಿ ಅಂಗೈಯಲ್ಲಿ ಕುಳಿತಿತ್ತು, ಆದರೆ ಬೆರಳಿಗೆ ಅದರ ಸುದ್ದಿಯೇ ಇಲ್ಲ. ಏಟು ಹಾಕಿದರೆ ಬೀಳುತ್ತಿತ್ತೋ ಏನೋ. ಜಾರಿದ್ದರೆ ನನ್ನ ಕಾಲಿಗೋ, ಎದುರಿಗೆ ಕುಳಿತವರ ಕೈಗೋ. ಮದುವೆಯ ಮನೆಯಲ್ಲಿ ರಕ್ತ ಬೀಳಬಾರದು. ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದೆ. ಆ ಅವ್ವನ ಕಣ್ಣು ನನ್ನ ಮುಖದಿಂದ ಕೈಗೆ ಇಳಿಯಿತು.

"ನನ್ನ ತಮ್ಮಗ ಹೇಳ್ರಿ ಅವ್ವಾರ" ಎಂದೆ. "ಇನ್ನ ಮ್ಯಾಲೆ ಅವನ ಹಾಕ್ತಾನ."

ಚಾಕುವನ್ನು ನೆಲಕ್ಕಿಟ್ಟೆ. ಕೈ ಒರೆಸಿಕೊಂಡು ತಮ್ಮ ಬಂದ. ನನ್ನ ಮುಖ ನೋಡಲಿಲ್ಲ, ಅದು ಅವನ ದೊಡ್ಡತನ. ಒಂದೇ ಏಟಿಗೆ ಕುಂಬಳಕಾಯಿ ಎರಡಾಯಿತು. ನಾನು ಹೋಗಿ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತೆ. ದುಃಖವಾಯಿತು ಎಂದು ಬರೆಯಬೇಕೇನೋ. ನಿಜವಾಗಿ ಆದದ್ದು ದಣಿವು. ಎರಡು ವರ್ಷ ಎಣ್ಣೆ, ವಾಯು ಎಂದು ಹೇಳಿಕೊಂಡು ತಿರುಗಿದ ದಣಿವೆಲ್ಲ ಒಮ್ಮೆಲೇ ಮೈಮೇಲೆ ಬಂದಿತು. ಬಿಸಿಲಿಗೆ ಕುಳಿತಲ್ಲಿಯೇ ಕಣ್ಣು ಹತ್ತಿತು. ಊಟಕ್ಕೆ ಎಬ್ಬಿಸಿದರು.

ಮುಂದಿನ ವಾರ ತಮ್ಮ ಇಂಡಿಗೆ ಬಂದ. ನಮ್ಮಲ್ಲಿ ಚಾಕುವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳ ಬೀಳುತ್ತದೆ ಎನ್ನುತ್ತಾರೆ. ಪಡಸಾಲೆಯಲ್ಲಿ ಎದುರು ಬದುರು ಕುಳಿತೆವು. ನಾನು ಒಂದೊಂದನ್ನೇ ನೆಲದ ಮೇಲಿಡುವುದು, ಅವನು ಎತ್ತಿಕೊಳ್ಳುವುದು. ಮಡಿಯವಕ್ಕೆ ಹಿಡಿಗೆ ಕೆಂಪು ದಾರ ಕಟ್ಟಿದ್ದೆ.

"ಇದಕ್ಕ ದಾರ ಇಲ್ಲಲಾ?" ಎಂದ ತಮ್ಮ.

"ಅದು ಹಿಪ್ಪರಗಿ ಬೀಗರು ತೊಳದಿಟ್ಟಿದ್ದು."

"ಅವರು ತೊಳದಿದ್ದು ಒಂದ. ನೀ ಕೆಡಿಸಿದ್ದು ನಾಲ್ಕು."

"ಸುಮ್ಮ ಎತ್ತಿಕೋ. ನಿನಗ ಮಡಿ ತಿಳ್ಯೂದಿಲ್ಲ."

"ತಿಳೀತದ. ನಿನ್ನಷ್ಟು ತುಟ್ಟಿ ಮಡಿ ಅಲ್ಲ ನಂದು."

ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಸಣ್ಣ ಅಲಗಿನ ಒಂದನ್ನು ನೆಲಕ್ಕಿಟ್ಟಾಗ, ತಮ್ಮನು ಕೈ ಚಾಚುವ ಮೊದಲೇ ಬಂದು ಎತ್ತಿಕೊಂಡಳು. "ಇದು ನಂದು. ಇದನ್ನ ಯಾವ ಪೂಜಿಗೂ ಕೊಡೂದಿಲ್ಲ" ಎಂದು ಒಳಗೆ ಒಯ್ದಳು. ತಮ್ಮ ನಕ್ಕ. ನನಗೂ ನಗು ಬಂತು, ಬಹಳ ದಿನದ ಮೇಲೆ.

ಚೀಲ ಕಟ್ಟಿದ ಮೇಲೆ ಅವನು ಮೆಲ್ಲಗೆ ಹೇಳಿದ: "ಅಣ್ಣಾ, ನೀ ಲಗ್ನಕ್ಕ ಬಂದು ಖುರ್ಚಿ ಮ್ಯಾಲೆ ಕೂಡು. ಬಾಯಿಲೆ ಹೇಳಿದ್ರ ಸಾಕು. ನಿನ್ನ ಪಾಲು ನಿನಗ."

"ಬಾಯಿಲೆ ಅಡಗಿ ಮಾಡಾವ್ರು ಊರ ತುಂಬ ಇದ್ದಾರ. ನಾ ಆ ಸಾಲಿನ್ಯಾಗ ಕೂಡಾಂವ ಅಲ್ಲ. ಇಲ್ಲೇ ಕೂತು ನಿಂಬಿಹಣ್ಣು ಹೆಚ್ಚತೇನಿ. ಆದಷ್ಟು ಹೆಚ್ಚತೇನಿ, ಆಗಲಿಲ್ಲಂದ್ರ ಬಿಡ್ತೇನಿ."

ಅವನು ಹೋದ ಮೇಲೆ ಮಣೆಯ ಮೇಲೆ ಹನ್ನೆರಡರಷ್ಟು ಉಳಿದಿದ್ದವು. ಒಬ್ಬನಿಗೆ ಹನ್ನೆರಡು ಹೆಚ್ಚೇನಲ್ಲ ಎಂದುಕೊಂಡೆ. ಮಸೆಯುವ ಕಲ್ಲಿಗೆ ನೀರು ಚಿಮುಕಿಸಿ ಕುಳಿತೆ. ಮೊಂಡ ಚಾಕು ಇಟ್ಟುಕೊಂಡವನನ್ನು ಅಡುಗೆಯವನೆಂದು ನಾನೇ ಎಂದೂ ಒಪ್ಪಿದವನಲ್ಲ. ನವಮಿಯ ದಿನ ತಮ್ಮ ಅಂದದ್ದು ಇನ್ನೂ ಚುಚ್ಚುತ್ತಿತ್ತು. ಒಂದು ಮಸೆದೆ, ಎರಡು ಮಸೆದೆ. ಐದನೆಯದಕ್ಕೆ ಹೆಬ್ಬೆರಳು ಜೋಮಾಯಿತು. ಕೈ ಝಾಡಿಸಿ ಐದನ್ನು ಮುಗಿಸಿದೆ. ಆರನೆಯದು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಲಿಲ್ಲ, ಅಲಗು ಅಡ್ಡ ಹೋಯಿತು. ಮರುದಿನವೂ ಕುಳಿತು ನೋಡಿದೆ. ಮರುದಿನವೂ ಐದೇ.

ಉಳಿದವನ್ನು ಮುದ್ದೇಬಿಹಾಳದ ಬಸ್ಸಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಚೀಲದಲ್ಲಿ ಕಟ್ಟಿ ಕಳಿಸಿದೆ. ತಮ್ಮ ಫೋನು ಮಾಡಿ, ಯಾಕೆ ಎಂದು ಕೇಳಿದ. "ನನಗ ಮಸೀಲಿಕ್ಕೆ ಬರೂವಷ್ಟು ಇಟಗೊಂಡೇನಿ" ಎಂದೆ. ಅವನು "ಆತು" ಎಂದ.

ಈಗ ಇರುವವು ಇಷ್ಟು: ನಿಂಬೆಹಣ್ಣಿಗೆ ಸ್ಟೀಲಿನವು ಎರಡು. ಕಾಯಿಪಲ್ಯಕ್ಕೆ ಕಬ್ಬಿಣದವು ಎರಡು. ಮಗಳು, ಉಳ್ಳಾಗಡ್ಡಿ ತಿನ್ನುವ ಅಳಿಯ ಬಂದಾಗ ಅದಕ್ಕೆಂದೇ ಒಂದು. ನನ್ನವು ಐದು, ಹೆಂಡತಿಯದು ಒಂದು.